ಬಿದ್ದ ಏಟಿಗಿಂತ ಆಮೇಲಿನ ಏಟು ದೊಡ್ಡದು

ನಮಸ್ಕಾರ. ಮುಂಬಯಿಯಲ್ಲಿ ಒಬ್ಬರ ಹೆಗಲ ಮೇಲೊಬ್ಬರು ಹತ್ತಿ ಮೊಸರು ಗಡಿಗೆ ಒಡೆಯುವ ದಹಿ ಹಂಡಿ ಮುಗಿದ ಮಾರನೇ ದಿನ ಪೇಪರಿನಲ್ಲಿ ಆ ಸುದ್ದಿ ಇದ್ದೇ ಇರುತ್ತದೆ: ಇಷ್ಟು ಗೋವಿಂದರಿಗೆ (ಹಾಗೆ ಹತ್ತುವ ಹುಡುಗರಿಗೆ) ಗಾಯ, ಒಬ್ಬನ ಬೆನ್ನುಹುರಿಗೆ ಪೆಟ್ಟು. ಮಾಟುಂಗಾದ ಹೋಟೆಲಿನಲ್ಲಿ ಇಡ್ಲಿ ಮುರಿಯುತ್ತಾ ನಮ್ಮವರು ತೀರ್ಪು ಕೊಟ್ಟೇಬಿಡುತ್ತಾರೆ: "ಬಿದ್ದಾಗಲೇ ನರ ಸತ್ತೋಯ್ತು, ಇನ್ನೇನಿದೆ?"

ಈ ಮಾತಿಗೆ ನನ್ನ ತಕರಾರಿದೆ. ಬಿದ್ದ ಕ್ಷಣದಲ್ಲೇ ಎಲ್ಲ ಮುಗಿದಿರುವುದಿಲ್ಲ. ಆಗ ಸಾಯುವ ಕೋಶಗಳು ಒಂದಷ್ಟು, ಅಷ್ಟೇ. ಅವು ಒಡೆದು ಗ್ಲುಟಮೇಟ್ ಹೊರಗೆ ಚೆಲ್ಲುತ್ತದೆ. ಮಾಮೂಲಿ ದಿನಗಳಲ್ಲಿ ಅದು ಒಂದು ನರಕೋಶದಿಂದ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ರಾಸಾಯನಿಕ. ಜಾಸ್ತಿಯಾದರೆ ವಿಷ. ಪಕ್ಕದ ಕೋಶದೊಳಗೆ ಕ್ಯಾಲ್ಸಿಯಂ ನುಗ್ಗುತ್ತದೆ, ಅದೂ ಸಾಯುತ್ತದೆ. ಇತ್ತ ಊತ ಏರಿ ರಕ್ತದ ಹರಿವು ಕಮ್ಮಿಯಾಗುತ್ತದೆ. ಮೈಕ್ರೋಗ್ಲಿಯಾ ಅನ್ನುವ ಕಾವಲು ಕೋಶಗಳು ನಿಮಿಷಗಳಲ್ಲೇ ಗಾಯದ ಕಡೆ ಕೈ ಚಾಚುತ್ತವೆ. ಸತ್ತದ್ದನ್ನು ತಿಂದು ಜಾಗ ಚೊಕ್ಕ ಮಾಡುತ್ತವೆ, ಜೊತೆಗೆ ಉರಿಯೂತವನ್ನೂ ಹೆಚ್ಚಿಸುತ್ತವೆ. ನರದ ಎಳೆಗೆ ಮಯಲಿನ್ ಅನ್ನುವ ಹೊದಿಕೆ ಕಟ್ಟುವ ಆಲಿಗೋಡೆಂಡ್ರೋಸೈಟ್ ಕೋಶಗಳು ಸಾಯುತ್ತಾ ಹೋಗುತ್ತವೆ. ಪ್ಲಾಸ್ಟಿಕ್ ಸುಲಿದ ಕರೆಂಟಿನ ತಂತಿಯ ಹಾಗೆ, ಉಳಿದ ನರದ ಎಳೆಯೂ ಕೆಲಸಕ್ಕೆ ಬಾರದಂತಾಗುತ್ತದೆ. ಇದೆಲ್ಲ ಗಂಟೆ, ದಿನ, ವಾರಗಟ್ಟಲೆ ನಡೆಯುತ್ತದೆ.

ಕೊನೆಗೆ ಆಸ್ಟ್ರೋಸೈಟ್ ಅನ್ನುವ, ನರಕೋಶಗಳಿಗೆ ಆಸರೆಯಾಗಿರುವ ಕೋಶಗಳು ಉಬ್ಬಿ, ಗಾಯದ ಸುತ್ತ ಒತ್ತಾಗಿ ನಿಂತು ಕಲೆ ಕಟ್ಟುತ್ತವೆ. ನರ ಮತ್ತೆ ಬೆಳೆಯದಿರಲು ಈ ಕಲೆಯೇ ಕಾರಣ ಅಂತ ಬಹಳ ಕಾಲ ಬೈಸಿಕೊಂಡಿತು. 1981ರಲ್ಲಿ ಮಾಂಟ್ರಿಯಲ್‌ನ ವಿಜ್ಞಾನಿಗಳಾದ ಡೇವಿಡ್ ಮತ್ತು ಅಗ್ವಾಯೊ ಇಲಿಗಳಲ್ಲಿ ಕಾಲಿನ ನರದ ತುಂಡನ್ನು ಸೇತುವೆಯಾಗಿ ಇಟ್ಟರು. ಬೆನ್ನುಹುರಿಯ ನರದ ಎಳೆಗಳು ಅದರೊಳಗೆ ಉದ್ದಕ್ಕೂ ಬೆಳೆದವು! ಅಂದರೆ ನರಕ್ಕೆ ಬೆಳೆಯುವ ತಾಕತ್ತಿದೆ, ಸುತ್ತಲಿನ ಪರಿಸರ ಬಿಡುತ್ತಿಲ್ಲ. ಹಾಗಾದರೆ ಕಲೆ ತೆಗೆದರೆ ಆಯ್ತಲ್ವಾ? 2016ರಲ್ಲಿ ಚಿಕ್ಕ ಜಾತಿಯ ಇಲಿಗಳಲ್ಲಿ ಕಲೆ ಕಟ್ಟದಂತೆ ತಡೆದೂ ನೋಡಿದರು. ನರ ಬೆಳೆಯಲಿಲ್ಲ. ಕಲೆ ಉರಿಯೂತ ಹರಡದಂತೆ ತಡೆಯುತ್ತದೆ ಅನ್ನುವುದು ಅದಕ್ಕೂ ಮೊದಲೇ ಗೊತ್ತಿತ್ತು. ಪಾಪ, ಅದಕ್ಕೆ ಸುಮ್ನೆ ಕೆಟ್ಟ ಹೆಸರು.

ಇಷ್ಟು ಸಿಕ್ಕುಸಿಕ್ಕಾದ ವಿಷಯವನ್ನು ಒಂದು ಸ್ಟೆಮ್ ಸೆಲ್ ಇಂಜೆಕ್ಷನ್‌ನಲ್ಲಿ ಸರಿ ಮಾಡ್ತೀವಿ ಅನ್ನುವವರಿಗೆ ದುಡ್ಡು ಸುರಿಯಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯೂ ಬೆನ್ನುಹುರಿಗೆ ಇದನ್ನು ಮಾಮೂಲಿ ಚಿಕಿತ್ಸೆ ಅಂತ ಒಪ್ಪಿಲ್ಲ.

ನಮ್ಮ ಕೈಲಿರುವುದು ಬಿದ್ದವನನ್ನು ಹೇಗೆ ಎತ್ತುತ್ತೇವೆ ಅನ್ನುವುದು. ಇಬ್ಬರು ಕಂಕುಳಿಗೆ ಕೈ ಹಾಕಿ, ಇಬ್ಬರು ಕಾಲು ಹಿಡಿದು, ಕುತ್ತಿಗೆ ಜೋತಾಡುತ್ತಿದ್ದರೂ ರಿಕ್ಷಾಕ್ಕೆ ತುಂಬುತ್ತಾರೆ. ಉಳಿದಿದ್ದ ಎಳೆಯೂ ಅಲ್ಲೇ ಹೋಗಬಹುದು. ಅವನನ್ನು ಅಲುಗಿಸಬೇಡಿ, ತಲೆ-ಕುತ್ತಿಗೆ ಇದ್ದ ಹಾಗೇ ಅಲ್ಲಾಡದಂತೆ ಹಿಡಿದುಕೊಳ್ಳಿ, 108ಕ್ಕೆ ಫೋನ್ ಮಾಡಿ. ಲಕ್ಷಗಟ್ಟಲೆ ಬಹುಮಾನದ ಬ್ಯಾನರ್ ಕಟ್ಟುವ ಮಂಡಳಿಗಳು ಸ್ಟೇಜಿನ ಪಕ್ಕ ಬಿದ್ದವನನ್ನು ಅಲುಗದಂತೆ ಮಲಗಿಸಿ ಒಯ್ಯುವ ಒಂದು ಸ್ಪೈನ್ ಬೋರ್ಡ್, ನಾಲ್ಕು ಕುತ್ತಿಗೆ ಕಾಲರ್ ಇಡೋದು ದೊಡ್ಡ ಖರ್ಚೇನಲ್ಲ. ಈ ಸಲ ವಂತಿಗೆಗೆ ಬಂದಾಗ ನಾನಂತೂ ಮೊದಲು ಅದನ್ನೇ ಕೇಳುತ್ತೇನೆ.