ಮುಹೂರ್ತಕ್ಕಿಂತ ಮೊದಲು ಜನನ ಪ್ರಮಾಣಪತ್ರ

ಎಲ್ಲರಿಗೂ ನಮಸ್ಕಾರ.

ನಮ್ಮ ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಹುಡುಗರು, ಹುಡುಗಿಯರು ಬೇರೆ ದೇಶದವರನ್ನು ಮೆಚ್ಚಿ ಮದುವೆಯಾಗುವುದು ಈಗ ಹೊಸದೇನಲ್ಲ. ದುಬೈಗೆ ಕೆಲಸಕ್ಕೆ ಹೋದವರಿದ್ದಾರೆ, ಓದಲು ಹೋಗಿ ಅಲ್ಲೇ ನಿಂತವರಿದ್ದಾರೆ. ವಿಷಯ ಗೊತ್ತಾದಾಗ ಮನೆಯಲ್ಲಿ ಸ್ವಲ್ಪ ದಿನ ಮಾತೇ ಇರುವುದಿಲ್ಲ. ಆಮೇಲೆ ಜಗಳ, ಆಮೇಲೆ ಒಪ್ಪಿಗೆ. ಒಪ್ಪಿಗೆ ಸಿಕ್ಕ ಮರುದಿನವೇ ಮಂಟಪ, ಮುಹೂರ್ತ, ವಿಮಾನದ ಟಿಕೆಟ್ ಅಂತ ಓಡಾಟ ಶುರು.

ಈ ಕ್ರಮ ತಪ್ಪು ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಸಂಗಾತಿಯ ದೇಶಕ್ಕೆ ಹೋಗಿ, ಅಲ್ಲಿಯ ಕಾನೂನಿನಂತೆ ಮದುವೆಯಾಗುವುದಾದರೆ ಮೊದಲ ಕೆಲಸ ಮನೆಯ ಟ್ರಂಕು ತೆಗೆಯುವುದು. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್, ಆಧಾರ್, ಪಾಸ್‌ಪೋರ್ಟ್ ನಾಲ್ಕನ್ನೂ ಪಕ್ಕಪಕ್ಕ ಇಟ್ಟು ಅಕ್ಷರ ಬಿಡದೆ ಓದಿ. ಆ ದೇಶದ ಕಚೇರಿ ಏನು ಕೇಳುತ್ತದೆ ಅಂತ ನಾವು ಹೆದರುತ್ತೇವೆ. ಆದರೆ ಅವರು ಕೇಳುವುದು ಬಹಳ ಸಲ ಸರಳವಾಗಿಯೇ ಇರುತ್ತದೆ. ಕೊಡಲು ನಮ್ಮ ಹತ್ತಿರ ಸರಿಯಾದ ಕಾಗದ ಇರುವುದಿಲ್ಲ, ಅಷ್ಟೇ.

ನಮ್ಮ ಕಾಕಾನ ಮಗ ದುಬೈನಲ್ಲಿದ್ದಾನೆ. ಅವನು ಮದುವೆಯಾಗಿದ್ದು ಫಿಲಿಪೀನ್ಸ್‌ನ ಇಲೊಯಿಲೊ ಕಡೆಯ ಹುಡುಗಿಯನ್ನು. ಅವನ ಕಾಗದಪತ್ರ ಹೊಂದಿಸಲು ಇಲ್ಲಿಂದ ಓಡಾಡಿದವರಲ್ಲಿ ನಾನೂ ಒಬ್ಬಳು. ಹಾಗಾಗಿ ಉದಾಹರಣೆಗೆ ಆ ದೇಶವನ್ನೇ ಇಟ್ಟುಕೊಳ್ಳುತ್ತೇನೆ. ಬೇರೆ ದೇಶವಾದರೆ ಅಲ್ಲಿಯ ಕಾನೂನು ಬೇರೆ ಇರುತ್ತದೆ. ನಮ್ಮ ಟ್ರಂಕಿನ ಕಥೆ ಮಾತ್ರ ಎಲ್ಲ ದೇಶಕ್ಕೂ ಒಂದೇ.

ಹುಟ್ಟಿದ ತಾರೀಖಿನಿಂದಲೇ ಶುರು ಮಾಡೋಣ. ನಮ್ಮಲ್ಲಿ ಜೂನ್ 1ಕ್ಕೆ ಹುಟ್ಟಿದವರು ಎಷ್ಟು ಜನ ಇದ್ದಾರೆ ನೋಡಿ. ಶಾಲೆಗೆ ಹೆಸರು ಹಚ್ಚುವಾಗ ವಯಸ್ಸು ಹೊಂದಲಿ ಅಂತ ಹೆಡ್ ಮಾಸ್ತರರು ಒಂದು ತಾರೀಖು ಬರೆದರು. ಅದೇ ಮಾರ್ಕ್ಸ್ ಕಾರ್ಡಿಗೆ ಬಂತು. 2016ರ ಡಿಸೆಂಬರ್‌ನಲ್ಲಿ ಪಾಸ್‌ಪೋರ್ಟ್ ನಿಯಮ ಸಡಿಲವಾಯಿತು. ಜನನ ಪ್ರಮಾಣಪತ್ರದ ಬದಲು ಮಾರ್ಕ್ಸ್ ಕಾರ್ಡ್ ಕೊಟ್ಟರೂ ನಡೆಯತೊಡಗಿತು. ಹೀಗೆ ಜೂನ್ 1 ಪಾಸ್‌ಪೋರ್ಟಿಗೂ ಹೋಯಿತು. ಇತ್ತ ಪಾಲಿಕೆಯ ಜನನ ರಿಜಿಸ್ಟರ್‌ನಲ್ಲಿ ನಿಜವಾದ ತಾರೀಖು ಹಾಗೇ ಇದೆ. ಇಲ್ಲಿ ಇರುವಷ್ಟು ದಿನ ಅದನ್ನು ಯಾರೂ ಕೇಳುವುದಿಲ್ಲ. ಹೊರದೇಶದ ನೋಂದಣಿ ಅಧಿಕಾರಿ ಕೇಳುತ್ತಾರೆ. ಅವರ ಕಣ್ಣಿಗೆ ಅದು ಇಬ್ಬರು ಬೇರೆ ಮನುಷ್ಯರ ಕಾಗದ.

ಇನ್ನು ಹೆಸರು. ನಮ್ಮ ಕಡೆ ಹೆಸರು, ಅಪ್ಪನ ಹೆಸರು, ಅಡ್ಡಹೆಸರು ಮೂರೂ ಇರುತ್ತವೆ. ಒಂದು ಕಾಗದದಲ್ಲಿ ಅಪ್ಪನ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್, ಮತ್ತೊಂದರಲ್ಲಿ ಅಡ್ಡಹೆಸರೇ ಇಲ್ಲ. ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಅಡ್ಡಹೆಸರಿದ್ದರಂತೂ ಇಂಗ್ಲಿಷಿನಲ್ಲಿ ಬರೆದವರು ಎಷ್ಟು ಮಂದಿಯೋ ಅಷ್ಟು ಸ್ಪೆಲ್ಲಿಂಗ್. ಹಳೆಯ ಜನನ ಪ್ರಮಾಣಪತ್ರಗಳಲ್ಲಿ ಇನ್ನೂ ಒಂದು ತೊಂದರೆ ಇದೆ. ಆಸ್ಪತ್ರೆಯಲ್ಲಿ ಬರೆಸುವಾಗ ತೊಟ್ಟಿಲು ಆಗಿರಲಿಲ್ಲ, ಹೆಸರು ಇಟ್ಟಿರಲಿಲ್ಲ. ಹಾಗಾಗಿ ಹೆಸರಿನ ಜಾಗ ಖಾಲಿ. ಅಪ್ಪ ಅವ್ವನ ಹೆಸರಿದೆ, ಗಂಡು ಅಂತ ಇದೆ, ಮಗುವಿನ ಹೆಸರಿಲ್ಲ. "ಅಲ್ಲೋ ತಮ್ಮಾ, ಇದರಾಗ ನಿನ್ನ ಹೆಸರೇ ಇಲ್ಲಲ್ಲೋ" ಅಂತ ಫೋನಿನಲ್ಲಿ ಹೇಳಿದಾಗ ನಮ್ಮ ಹುಡುಗ ಒಂದು ಕ್ಷಣ ಸುಮ್ಮನಾಗಿಬಿಟ್ಟ.

ಊರಿನ ಹೆಸರೂ ನಮ್ಮಲ್ಲಿ ಬದಲಾಗಿದೆ. ಗದಗ, ಹಾವೇರಿ ಎರಡೂ ಧಾರವಾಡದಿಂದ ಬೇರೆಯಾಗಿ ಜಿಲ್ಲೆಗಳಾಗಿದ್ದು 1997ರಲ್ಲಿ. ಅದಕ್ಕಿಂತ ಮೊದಲು ರಾಣೆಬೆನ್ನೂರಿನಲ್ಲೋ ರೋಣದಲ್ಲೋ ಹುಟ್ಟಿದವರ ಹಳೆಯ ಕಾಗದದಲ್ಲಿ ಜಿಲ್ಲೆ ಧಾರವಾಡ ಅಂತಿರುತ್ತದೆ, ಹೊಸದರಲ್ಲಿ ಹಾವೇರಿ ಅಥವಾ ಗದಗ. ಹುಬ್ಳಿ ಹುಬ್ಬಳ್ಳಿಯಾಗಿ ಅಧಿಕೃತವಾಗಿದ್ದು 2014ರ ನವೆಂಬರ್ 1ಕ್ಕೆ. ನಮಗೆ ಇದೆಲ್ಲ ಗೊತ್ತು. ಸಮುದ್ರದಾಚೆ ಕುಳಿತ ಅಧಿಕಾರಿಗೆ ಹೇಗೆ ಗೊತ್ತಾಗಬೇಕು? ಅದಕ್ಕೇ ಒಂದು ಅಫಿಡವಿಟ್ ಮಾಡಿಸಿ, ಈ ಎಲ್ಲ ಕಾಗದಗಳಲ್ಲಿರುವ ಮನುಷ್ಯ ಒಬ್ಬನೇ, ಈ ಎರಡು ಹೆಸರಿನ ಊರೂ ಒಂದೇ ಅಂತ ಬರೆಸಿಡಿ. ಇಂಥ ಸಣ್ಣ ವ್ಯತ್ಯಾಸಕ್ಕೆ ಬಹಳ ಸಲ ಅಷ್ಟು ಸಾಕಾಗುತ್ತದೆ.

ಆದರೆ ತಾರೀಖು ಬೇರೆ ಇದ್ದರೆ ಅಫಿಡವಿಟ್ ಸಾಕಾಗುವುದು ಕಷ್ಟ. ಮೂಲ ದಾಖಲೆಯನ್ನೇ ತಿದ್ದಿಸಬೇಕು, ಕೋರ್ಟ್ ಮೆಟ್ಟಿಲು ಹತ್ತಬೇಕಾಗಬಹುದು. ಜನನ ನೋಂದಣಿಯೇ ಆಗಿಲ್ಲದಿದ್ದರೂ ಹಾಗೇ. ಒಂದು ವರ್ಷ ದಾಟಿದ ಜನನವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟ್ ಆದೇಶ ಬೇಕೇ ಬೇಕು. ಇವೆರಡೂ ವಾರದಲ್ಲಿ ಆಗುವ ಕೆಲಸಗಳಲ್ಲ. ಒಂದು ವರ್ಷ ಮುಂಚೆ ಟ್ರಂಕು ತೆಗೆಯಿರಿ ಅಂತ ನಾನು ಹೇಳುವುದು ಇದಕ್ಕೇ. ಪಾಸ್‌ಪೋರ್ಟಿನಲ್ಲಿ ಏನಾದರೂ ತಿದ್ದಿಸಬೇಕಾದರೆ ಹುಬ್ಬಳ್ಳಿಯಲ್ಲೇ ಪಾಸ್‌ಪೋರ್ಟ್ ಸೇವಾ ಕೇಂದ್ರ ಇದೆ. ಆ ಮಟ್ಟಿಗೆ ನಾವು ಅದೃಷ್ಟವಂತರು.

ಕಾಗದ ಸರಿಯಾದ ಮೇಲೆ ಅದಕ್ಕೆ ಅಪೊಸ್ಟಿಲ್ ಮುದ್ರೆ ಹಾಕಿಸಬೇಕು. ಒಂದು ದೇಶದ ಸರ್ಕಾರಿ ಕಾಗದವನ್ನು ಇನ್ನೊಂದು ದೇಶ ನಂಬಲಿ ಅಂತ 1961ರಲ್ಲಿ ಹೇಗ್ ನಗರದಲ್ಲಿ ಆದ ಒಪ್ಪಂದ ಇದು. ಭಾರತದಲ್ಲಿ 2005ರ ಜುಲೈನಿಂದ ಜಾರಿಯಲ್ಲಿದೆ, ಫಿಲಿಪೀನ್ಸ್‌ನಲ್ಲಿ 2019ರ ಮೇ ತಿಂಗಳಿಂದ. ಜನನ ಪ್ರಮಾಣಪತ್ರದಂಥ ಕಾಗದಕ್ಕೆ ಮೊದಲು ರಾಜ್ಯ ಸರ್ಕಾರದ ದೃಢೀಕರಣ ಆಗಬೇಕು, ಆಮೇಲೆ ವಿದೇಶಾಂಗ ಸಚಿವಾಲಯದ ಮುದ್ರೆ. 2019ರಿಂದ ಈ ಕೆಲಸ ಬೆಂಗಳೂರಿನಲ್ಲೂ ಆಗುತ್ತದೆ, ದೆಹಲಿಗೇ ಕಳಿಸಬೇಕಿಲ್ಲ. ಸರ್ಕಾರದ ಶುಲ್ಕ ಒಂದು ಕಾಗದಕ್ಕೆ 50 ರೂಪಾಯಿ. ಕಾಗದ ತೆಗೆದುಕೊಳ್ಳಲು ಸಚಿವಾಲಯವೇ ನೇಮಿಸಿದ ಏಜೆನ್ಸಿಗಳಿವೆ, ಅವರದು ಸ್ವಲ್ಪ ಸೇವಾ ಶುಲ್ಕ. ಇದನ್ನು ತಿಳಿಯದೆ ಯಾರೋ ಬ್ರೋಕರ್ ಕೈಗೆ ಸಾವಿರಗಟ್ಟಲೆ ಕೊಡುವವರನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಓಡಾಡಲು ಆಗದವರು ದುಡ್ಡು ಕೊಟ್ಟು ಮಾಡಿಸಲಿ, ಅದರಲ್ಲಿ ತಪ್ಪಿಲ್ಲ. ಆದರೆ ಮೂಲ ಶುಲ್ಕ ಎಷ್ಟು ಅಂತ ತಿಳಿದು ಕೊಡಲಿ.

ಎಲ್ಲ ದೇಶಕ್ಕೂ ಈ ಮುದ್ರೆ ನಡೆಯುತ್ತದೆ ಅಂದುಕೊಳ್ಳಬೇಡಿ. ಭಾರತ ಈ ಒಪ್ಪಂದಕ್ಕೆ ಸೇರಿದಾಗ ಜರ್ಮನಿ ಆಕ್ಷೇಪ ಎತ್ತಿತ್ತು. ನೀವು ಹೋಗುವ ದೇಶದ ರಾಯಭಾರ ಕಚೇರಿಯನ್ನು ಮೊದಲೇ ಕೇಳಿ.

ಈಗ ಇಲೊಯಿಲೊಗೆ ಬರೋಣ. ಫಿಲಿಪೀನ್ಸ್‌ನಲ್ಲಿ ಮದುವೆಗೆ ಲೈಸೆನ್ಸ್ ಬೇಕು. ಹುಡುಗಿಯ ಊರಿನ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಬೇಕು. ಹೊರದೇಶದವರು ಅದರ ಜೊತೆ ಒಂದು ಪತ್ರ ಕೊಡಬೇಕು: ಈ ವ್ಯಕ್ತಿ ಮದುವೆಯಾಗಲು ಕಾನೂನಿನ ಪ್ರಕಾರ ಅರ್ಹ ಅಂತ ಅವರದೇ ದೇಶದ ರಾಯಭಾರ ಕಚೇರಿ ಕೊಡುವ ಪತ್ರ. ಫಿಲಿಪೀನ್ಸ್‌ನಲ್ಲಿ ಮದುವೆಯ ದಾಖಲೆಗಳೆಲ್ಲ ಒಂದೇ ಕಡೆ ಇವೆ. ಹುಡುಗಿಗೆ ಮೊದಲು ಮದುವೆಯಾಗಿಲ್ಲ ಅಂತ ಅಲ್ಲಿಯ ಅಂಕಿಅಂಶ ಇಲಾಖೆಯೇ ಪ್ರಮಾಣಪತ್ರ ಕೊಡುತ್ತದೆ. ನಮ್ಮಲ್ಲಿ ಹಾಗೆ ದೇಶಕ್ಕೆಲ್ಲ ಒಂದೇ ರಿಜಿಸ್ಟರ್ ಇಲ್ಲ. ಹಾಗಾಗಿ ನಮ್ಮ ಹುಡುಗರು ಅವಿವಾಹಿತ ಅಂತ ಅಫಿಡವಿಟ್ ಮಾಡಿಸಬೇಕಾಗುತ್ತದೆ. ಏನೇನು ಕಾಗದ ಬೇಕು ಅಂತ ಮನಿಲಾದ ಭಾರತೀಯ ರಾಯಭಾರ ಕಚೇರಿಗೆ ಮೊದಲೇ ಬರೆದು, ಅವರಿಂದ ಪಟ್ಟಿ ತರಿಸಿಕೊಂಡು, ಆಮೇಲೆ ಇಲ್ಲಿ ಸ್ಟಾಂಪ್ ಪೇಪರ್ ಕೊಳ್ಳಿ.

ಅರ್ಜಿ ಹಾಕಿದ ಮೇಲೆ 10 ದಿನ ಅದನ್ನು ಕಚೇರಿಯ ನೋಟಿಸ್ ಬೋರ್ಡಿಗೆ ಹಚ್ಚುತ್ತಾರೆ. ಮದುವೆಗೆ ಮುಂಚೆ ಇಬ್ಬರೂ ಒಂದು ತಿಳಿವಳಿಕೆ ತರಗತಿಗೆ ಕೂರಬೇಕು. ಲೈಸೆನ್ಸ್ ಕೈಗೆ ಬಂದ ದಿನದಿಂದ 120 ದಿನ ಅದು ನಡೆಯುತ್ತದೆ, ಆಮೇಲೆ ರದ್ದು. ನನಗೆ ತುಂಬಾ ಹಿಡಿಸಿದ ಇನ್ನೊಂದು ನಿಯಮ ಇದೆ. 21ರಿಂದ 25ರೊಳಗಿನ ಹುಡುಗ ಹುಡುಗಿ ಅಪ್ಪ ಅಮ್ಮನ ಸಲಹೆ ಕೇಳಬೇಕು ಅಂತ ಕಾನೂನೇ ಹೇಳುತ್ತದೆ. ಅವರು ಸಲಹೆ ಕೊಡದಿದ್ದರೆ ಮದುವೆ ನಿಲ್ಲುವುದಿಲ್ಲ, ಲೈಸೆನ್ಸ್ ಮಾತ್ರ 3 ತಿಂಗಳು ತಡವಾಗುತ್ತದೆ. ನಮ್ಮ ಕಾಕಾ ಇದನ್ನು ಕೇಳಿ, "ಅಲ್ಲೂ ಹಡೆದವರನ್ನ ಕೇಳಬೇಕು ಅಂತಾರಲ್ಲ" ಅಂತ ಬಹಳ ಸಮಾಧಾನಪಟ್ಟ. ಆ ಊರಿನ ಬಗ್ಗೆ ಅವನ ಮನಸ್ಸು ಮೆತ್ತಗಾಗಿದ್ದು ಅವತ್ತೇ.

ಈಗ ವೀಸಾ. 2025ರ ಜೂನ್‌ನಿಂದ ಭಾರತೀಯರು ಪ್ರವಾಸಕ್ಕೆ ವೀಸಾ ಇಲ್ಲದೆ 14 ದಿನ ಫಿಲಿಪೀನ್ಸ್‌ನಲ್ಲಿ ಇರಬಹುದು. ಮದುವೆ ನೋಡಲು ಹೋಗುವ ಅಪ್ಪ ಅವ್ವನಿಗೆ ಇದು ಒಳ್ಳೆಯದಾಯಿತು. ಮದುವೆಯಾಗುವ ಹುಡುಗ ಮಾತ್ರ ಇದನ್ನು ನಂಬಿ ಹೊರಡಬಾರದು. ಆ 14 ದಿನವನ್ನು ಮುಂದುವರಿಸಲು ಬರುವುದಿಲ್ಲ. ನೋಟಿಸ್ ಬೋರ್ಡಿಗೇ 10 ದಿನ ಹೋಗುತ್ತದೆ. ನಡುವೆ ಶನಿವಾರ, ಭಾನುವಾರ, ಅವರ ಹಬ್ಬದ ರಜೆ ಬಂತೆಂದರೆ ಮುಗಿಯಿತು. ಹುಡುಗ ಮುಂಚೆಯೇ ಸರಿಯಾದ ವೀಸಾ ಮಾಡಿಸಿಕೊಂಡು ಹೋಗಲಿ, ಮನೆಯವರು ಆಮೇಲೆ ಹೋಗಲಿ.

ಇಲ್ಲಿಗೆ ಬಂದ ಮೇಲೆ ಮುಹೂರ್ತದ ಮಾತು ಆಡಲೇಬೇಕು. ಆಷಾಢ ಬೇಡ, ಧನುರ್ಮಾಸ ಬೇಡ, ತಾರಾಬಲ ನೋಡಬೇಕು ಅನ್ನುವುದು ನಮ್ಮ ಮನೆಗಳ ನಂಬಿಕೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ನಂಬಿಕೆಯನ್ನು ಅಲ್ಲಿಯ ಕಚೇರಿಯ ತಾರೀಖಿಗೆ ಕಟ್ಟಬೇಡಿ. 120 ದಿನದ ಲೈಸೆನ್ಸ್, ವೀಸಾದ ಅವಧಿ, ದುಬೈ ಕಂಪನಿ ಕೊಡುವ ರಜೆ, ಇವುಗಳ ನಡುವೆ ಪಂಚಾಂಗವನ್ನೂ ತೂರಿಸಿದರೆ ನರಳುವವರು ಆ ಇಬ್ಬರು ಮಕ್ಕಳು. ಕಾನೂನಿನ ಮದುವೆ ಅಲ್ಲಿ, ಕಚೇರಿ ಹೇಳಿದ ದಿನ ಆಗಲಿ. ಅಕ್ಕಿಕಾಳು ಇಲ್ಲಿ, ನಿಮಗೆ ಬೇಕಾದ ಮುಹೂರ್ತದಲ್ಲಿ, ನಿಮಗೆ ಬೇಕಾದ ಮಂಟಪದಲ್ಲಿ ಹಾಕಿ.

ನಮ್ಮ ಅಯ್ಯನವರನ್ನೇ ಅಲ್ಲಿಗೆ ಕರೆದುಕೊಂಡು ಹೋಗೋಣ ಅಂತ ಕೆಲವರು ಕೇಳುತ್ತಾರೆ. ಕರೆದುಕೊಂಡು ಹೋಗಿ, ಆಶೀರ್ವಾದ ಮಾಡಲಿ. ಆದರೆ ಅಲ್ಲಿ ಕಾನೂನಿನಂತೆ ಮದುವೆ ಮಾಡಿಸಲು ಬರುವುದು ನ್ಯಾಯಾಧೀಶರಿಗೆ, ಮೇಯರ್‌ಗೆ, ಸರ್ಕಾರದಲ್ಲಿ ನೋಂದಣಿ ಇರುವ ಧರ್ಮಗುರುಗಳಿಗೆ. ಇಲ್ಲಿಯೂ ಒಂದು ವಿಷಯ ನೆನಪಿರಲಿ. ನಮ್ಮ 1955ರ ಹಿಂದೂ ವಿವಾಹ ಕಾಯ್ದೆ ಇಬ್ಬರೂ ಹಿಂದೂಗಳಾಗಿದ್ದರೆ ಮಾತ್ರ ಅನ್ವಯಿಸುತ್ತದೆ. ಹುಡುಗಿ ಕ್ರೈಸ್ತಳಾಗಿದ್ದರೆ ಹುಬ್ಬಳ್ಳಿಯ ಮಂಟಪದಲ್ಲಿ ತಾಳಿ ಕಟ್ಟಿದ್ದರಿಂದಲೇ ಆ ಕಾಯ್ದೆಯಡಿ ಮದುವೆ ಆದಂತಲ್ಲ. ಕಾನೂನಿನ ಬಲ ಇರುವುದು ಫಿಲಿಪೀನ್ಸ್‌ನ ಮದುವೆ ಸರ್ಟಿಫಿಕೇಟಿಗೆ. ಇಲ್ಲೇ ಕಾನೂನಿನ ಮದುವೆ ಬೇಕು ಅಂದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ, 30 ದಿನದ ನೋಟಿಸ್, 3 ಸಾಕ್ಷಿ. ಅದೂ ಒಳ್ಳೆಯ ದಾರಿಯೇ. ಆದರೆ ಹುಡುಗಿಯ ಅಜ್ಜಿಗೆ ವಿಮಾನ ಹತ್ತಲು ಆಗುವುದಿಲ್ಲ, ಮೊಮ್ಮಗಳ ಮದುವೆ ಕಣ್ಣಾರೆ ನೋಡಬೇಕು ಅಂದರೆ ನಾವೇ ಹೋಗುವುದು ನ್ಯಾಯ ಅಲ್ವಾ? ಹೆಣ್ಣಿನ ಮನೆಯಲ್ಲಿ ಮದುವೆ ಮಾಡುವ ರೂಢಿ ನಮ್ಮಲ್ಲೂ ಇದೆಯಲ್ಲ.

ಮದುವೆಯಾದ ತಕ್ಷಣ ವಾಪಸ್ ಓಡಿ ಬರಬೇಡಿ. ಸರ್ಟಿಫಿಕೇಟ್ ಮೊದಲು ಊರಿನ ರಿಜಿಸ್ಟ್ರಾರ್ ಹತ್ತಿರ ದಾಖಲಾಗಿ, ಆಮೇಲೆ ಕೇಂದ್ರ ಕಚೇರಿಗೆ ಹೋಗಿ, ಅಲ್ಲಿಂದ ಅಧಿಕೃತ ಪ್ರತಿ ಬರಬೇಕು. ಅದಕ್ಕೆ ಅಲ್ಲಿಯ ವಿದೇಶಾಂಗ ಇಲಾಖೆಯ ಅಪೊಸ್ಟಿಲ್ ಹಾಕಿಸಬೇಕು. ಪ್ರತಿ ಬರುವುದು ತಡವಾದರೆ ಯಾರು ತರುತ್ತಾರೆ, ಯಾರು ಮುದ್ರೆ ಹಾಕಿಸುತ್ತಾರೆ ಅನ್ನುವುದನ್ನು ಹುಡುಗಿಯ ಮನೆಯವರ ಜೊತೆ ಮೊದಲೇ ಮಾತಾಡಿಕೊಂಡಿರಿ. ನಮ್ಮ ವಿದೇಶಿ ವಿವಾಹ ಕಾಯ್ದೆ 1969ರದು. ಅದರ ಪ್ರಕಾರ ಅಲ್ಲಿ ಆದ ಮದುವೆಯನ್ನು ಭಾರತೀಯ ರಾಯಭಾರ ಕಚೇರಿಯಲ್ಲೂ ನೋಂದಾಯಿಸಲು ಅವಕಾಶ ಇದೆ. ಬಳಸಿಕೊಳ್ಳಿ.

ಹೆಸರು ಬದಲಿಸುವ ಅವಸರವೂ ಬೇಡ. ಗಂಡನ ಅಡ್ಡಹೆಸರು ಹಚ್ಚಿಕೊಳ್ಳಲೇಬೇಕು ಅಂತ ಅವರ ಕಾನೂನೂ ಹೇಳುವುದಿಲ್ಲ, ನಮ್ಮದೂ ಹೇಳುವುದಿಲ್ಲ. ಕಷ್ಟಪಟ್ಟು ಎಲ್ಲ ಕಾಗದದಲ್ಲೂ ಒಂದೇ ಹೆಸರು ಬರುವ ಹಾಗೆ ಮಾಡಿರುತ್ತೀರಿ. ವೀಸಾ ಕೆಲಸ ಪೂರ್ತಿ ಮುಗಿಯುವ ತನಕ ಅತ್ತೆ ಮಾವ ಈ ಮಾತು ಎತ್ತದಿರುವುದೇ ಒಳ್ಳೆಯದು.

ಫಿಲಿಪೀನ್ಸ್‌ನ ಹುಡುಗಿಯರಿಗೆ ಇನ್ನೂ ಒಂದು ಕಾಗದ ಬೇಕು, ಇದು ಬಹಳ ಜನರಿಗೆ ಗೊತ್ತಿಲ್ಲ. ವಿದೇಶಿ ಗಂಡನ ಜೊತೆ ನೆಲೆಸಲು ದೇಶ ಬಿಡುವವರು ಅಲ್ಲಿಯ ಸರ್ಕಾರದ ಸಾಗರೋತ್ತರ ಫಿಲಿಪಿನೋ ಆಯೋಗದಲ್ಲಿ ಆಪ್ತಸಲಹೆಗೆ ಕುಳಿತು ಸರ್ಟಿಫಿಕೇಟ್ ತರಬೇಕು. ಅದಿಲ್ಲದಿದ್ದರೆ ವಿಮಾನ ನಿಲ್ದಾಣದಲ್ಲೇ ತಡೆಯಬಹುದು. ಮದುವೆಯ ಹೆಸರಿನಲ್ಲಿ ಹೆಣ್ಣುಮಕ್ಕಳಿಗೆ ಮೋಸ ಆಗಬಾರದು ಅಂತ ಮಾಡಿದ ವ್ಯವಸ್ಥೆ ಇದು. ನಮ್ಮ ಮನೆಗೆ ಬರುವ ಸೊಸೆಯನ್ನು ಅವಳ ದೇಶ ಇಷ್ಟು ವಿಚಾರಿಸಿ ಕಳಿಸುತ್ತದೆ ಅಂದರೆ ನನಗೆ ಸಂತೋಷವೇ.

ಭಾರತಕ್ಕೆ ಅವಳು ಬರುವುದು ಎಂಟ್ರಿ ವೀಸಾದಲ್ಲಿ. 180 ದಿನಕ್ಕಿಂತ ಜಾಸ್ತಿ ಇರುವುದಾದರೆ ವಿದೇಶಿಯರ ನೋಂದಣಿ ಮಾಡಿಸಬೇಕು, ಅದು ಈಗ ಆನ್‌ಲೈನ್‌ನಲ್ಲೇ ಆಗುತ್ತದೆ. ಪದೇ ಪದೇ ವೀಸಾ ಮಾಡಿಸದೆ ಇಲ್ಲಿ ಬಂದು ಇರಲು ಬಿಡುವ ಓಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ಬೇಕೆಂದರೆ ಮದುವೆ ನೋಂದಣಿಯಾಗಿ 2 ವರ್ಷ ಪೂರ್ತಿ ಆಗಿರಬೇಕು, ಮದುವೆ ಅಷ್ಟು ದಿನವೂ ಊರ್ಜಿತವಾಗಿರಬೇಕು. ಹಾಗಾಗಿ ಮದುವೆಯ ಸರ್ಟಿಫಿಕೇಟು ಮುಂದೆಯೂ ಬೇಕಾಗುತ್ತದೆ, ಅದನ್ನು ಲ್ಯಾಮಿನೇಷನ್ ಮಾಡಿಸಬೇಡಿ. ಮುದ್ರೆ ಹಾಕುವ ಕಚೇರಿಗಳು ಲ್ಯಾಮಿನೇಷನ್ ಆದ ಕಾಗದ ಬೇಡ ಅಂತ ವಾಪಸ್ ಕೊಡುತ್ತವೆ. ಸುಮ್ನೆ ಒಂದು ಪ್ಲಾಸ್ಟಿಕ್ ಫೋಲ್ಡರಿನಲ್ಲಿ ಹಾಕಿಡಿ, ಸ್ಕ್ಯಾನ್ ಮಾಡಿ ಇಬ್ಬರ ಫೋನಿನಲ್ಲೂ ಇಟ್ಟುಕೊಳ್ಳಿ. ಅದರ ಒಂದು ಪ್ರತಿ ಅವಳ ಅಮ್ಮನಿಗೂ ಕಳಿಸಿ.