ಬಟವಾಡೆಯ ಲೆಕ್ಕದಿಂದ ಕಲಿತ ತಂತ್ರಾಂಶದ ಕ್ರಮ

ಕೇಳುಗರೆಲ್ಲರಿಗೂ ನಮಸ್ಕಾರ.

ಕೆಲವು ವರ್ಷಗಳ ಹಿಂದೆ, ಮಂಡ್ಯ ಜಿಲ್ಲೆಯ ಹಳ್ಳಿಯೊಂದರ ಹಾಲು ಉತ್ಪಾದಕರ ಸಂಘಕ್ಕೆ ಲೆಕ್ಕಪತ್ರದ ತಂತ್ರಾಂಶ ಬರೆದುಕೊಡುವ ಕೆಲಸ ಮೈಸೂರಿನಲ್ಲಿದ್ದ ನಮ್ಮ ಐದು ಜನರ ತಂಡಕ್ಕೆ ಬಂದಿತ್ತು. ನಾಲ್ಕು ತಿಂಗಳು ದುಡಿದೆವು. ಡೇಟಾಬೇಸು, ಲಾಗಿನ್ ಪರದೆ, ವರದಿಗಳ ನಮೂನೆ ಎಲ್ಲವೂ ಸಿದ್ಧವಾದವು. ತೋರಿಸಲು ಹೋದ ದಿನ ಸಂಘದ ಕಾರ್ಯದರ್ಶಿಯವರು ಎಲ್ಲವನ್ನೂ ಸಾವಧಾನವಾಗಿ ನೋಡಿ, "ಬಟವಾಡೆಯಲ್ಲಿ ಫೀಡಿನ ಬಾಕಿ ಮುರಿದುಕೊಳ್ಳುವುದು ಇದರಲ್ಲಿ ಎಲ್ಲಿದೆ ಸ್ವಾಮಿ?" ಎಂದು ಕೇಳಿದರು. ಹಾಲು ಹಾಕುವವರು ಸಂಘದಿಂದ ಸಾಲವಾಗಿ ಒಯ್ದ ಪಶು ಆಹಾರದ ಹಣವನ್ನು ಬಟವಾಡೆಯ ದಿನ ಕಳೆದು ಕೊಡುವುದು ಅವರ ಕೆಲಸದ ಜೀವಾಳ. ನಮ್ಮ ನಾಲ್ಕು ತಿಂಗಳ ಯಾವ ಕಾಗದದಲ್ಲೂ ಆ ಮಾತು ಇರಲಿಲ್ಲ.

ಆ ದಿನದ ನಂತರ ನಾನು ಗಂಭೀರವಾಗಿ ಓದಿ ಅಳವಡಿಸಿಕೊಂಡ ಪದ್ಧತಿಯ ಹೆಸರು ಫೀಚರ್ ಡ್ರಿವನ್ ಡೆವಲಪ್‌ಮೆಂಟ್. ತಂತ್ರಾಂಶವನ್ನು ಸಣ್ಣ ಸಣ್ಣ ಭಾಗಗಳಾಗಿ ಕಟ್ಟಿ, ಬಳಸುವವರಿಗೆ ಆಗಾಗ ತೋರಿಸುತ್ತ ಹೋಗುವ, ಅಜೈಲ್ ಎಂದು ಕರೆಯುವ ವಿಧಾನಗಳಲ್ಲಿ ಇದೂ ಒಂದು. 1997ರಲ್ಲಿ ಸಿಂಗಪುರದ ದೊಡ್ಡ ಬ್ಯಾಂಕೊಂದರ ಯೋಜನೆಯಲ್ಲಿ ಇದು ರೂಪುಗೊಂಡಿತು. ಅಲ್ಲಿ ಹಿಂದಿನ ತಂಡವು ಸುಮಾರು ಎರಡು ವರ್ಷ ಶ್ರಮಿಸಿ 3,500 ಪುಟಗಳ ದಾಖಲೆ ಬರೆದಿತ್ತು, ಆದರೆ ಓಡುವ ಒಂದು ಪ್ರೋಗ್ರಾಮನ್ನೂ ಕೊಟ್ಟಿರಲಿಲ್ಲ. ಆಮೇಲೆ ಹೊಣೆ ಹೊತ್ತ ಜೆಫ್ ಡಿ ಲೂಕಾ ಅವರು, ತಂತ್ರಾಂಶ ವಿನ್ಯಾಸದ ತಜ್ಞ ಪೀಟರ್ ಕೋಡ್ ಅವರ ವಿಚಾರಗಳನ್ನು ಜೊತೆಗಿರಿಸಿಕೊಂಡು, ಸುಮಾರು 50 ಜನರ ತಂಡದೊಂದಿಗೆ 15 ತಿಂಗಳ ಆ ಯೋಜನೆಯನ್ನು ಈ ಕ್ರಮದಲ್ಲಿ ನಡೆಸಿದರು. 2001ರಲ್ಲಿ ಅಮೆರಿಕದ ಯೂಟಾದಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆಗೆ ಸಹಿ ಹಾಕಿದಾಗ ಈ ಪದ್ಧತಿಯ ಪರವಾಗಿಯೂ ಒಬ್ಬರು ಅಲ್ಲಿದ್ದರು.

ಇದರಲ್ಲಿ ಐದು ಹಂತಗಳಿವೆ. ಮೊದಲು ವಿಷಯ ಬಲ್ಲವರನ್ನು ಕೂರಿಸಿಕೊಂಡು ಇಡೀ ವ್ಯವಹಾರದ ಒಂದು ಮಾದರಿಯನ್ನು ಬರೆಯುವುದು, ಅದರಿಂದ ಫೀಚರುಗಳ, ಅಂದರೆ ತಂತ್ರಾಂಶ ಮಾಡಿಕೊಡಬೇಕಾದ ಸಣ್ಣ ಸಣ್ಣ ಕೆಲಸಗಳ ಪಟ್ಟಿ ಮಾಡುವುದು, ಯಾವುದು ಯಾವಾಗ ಎಂದು ಯೋಜಿಸುವುದು. ಕಡೆಯ ಎರಡು ಹಂತಗಳಾದ ವಿನ್ಯಾಸ ಮತ್ತು ನಿರ್ಮಾಣವು ಒಂದೊಂದು ಫೀಚರಿಗೂ ಮರುಕಳಿಸುತ್ತವೆ.

ನನ್ನ ದೃಷ್ಟಿಯಲ್ಲಿ ಇದರ ನಿಜವಾದ ಬಲ ಇರುವುದು ಫೀಚರನ್ನು ಬರೆಯುವ ರೀತಿಯಲ್ಲಿ. ಅದು ಬಳಕೆದಾರರಿಗೆ ಬೆಲೆಯುಳ್ಳ ಒಂದು ಸಣ್ಣ ಕೆಲಸವಾಗಿರಬೇಕು, ಎರಡು ವಾರದೊಳಗೆ ಮುಗಿಯುವಂತಿರಬೇಕು. ಏನು ಮಾಡಬೇಕು, ಅದರಿಂದ ಏನು ಬರಬೇಕು, ಯಾವುದರ ಮೇಲೆ ಎಂಬ ಮೂರೂ ಒಂದೇ ವಾಕ್ಯದಲ್ಲಿ ಇರಬೇಕು. ಇಂಗ್ಲಿಷಿನಲ್ಲಿ ಕ್ರಿಯೆ ಮೊದಲು ಬರುತ್ತದೆ, ನಮ್ಮಲ್ಲಿ ಕಡೆಗೆ ಬರುತ್ತದೆ. "ಸದಸ್ಯರೊಬ್ಬರ ಹಾಲಿಗೆ ಫ್ಯಾಟಿನ ಪ್ರಕಾರ ದರ ಕಟ್ಟುವುದು." "ಸದಸ್ಯರ ಬಟವಾಡೆಯಿಂದ ಫೀಡಿನ ಬಾಕಿಯನ್ನು ಮುರಿದುಕೊಳ್ಳುವುದು." ಕಾರ್ಯದರ್ಶಿಯವರು ಓದಿ ಹೌದು ಅಥವಾ ಅಲ್ಲ ಎನ್ನಬಲ್ಲ ವಾಕ್ಯಗಳಿವು. "ಡೇಟಾಬೇಸ್ ಪದರ ಸಿದ್ಧಪಡಿಸುವುದು" ಎಂಬುದು ಫೀಚರ್ ಅಲ್ಲ, ಏಕೆಂದರೆ ಅದು ಇದ್ದರೂ ಇಲ್ಲದಿದ್ದರೂ ಹಾಲು ಹಾಕುವವರಿಗೆ ತಿಳಿಯುವುದಿಲ್ಲ. ನಾವು ಮೊದಲ ಸಲ ನಾಲ್ಕು ತಿಂಗಳು ಬರೆದದ್ದು ಬಹುಪಾಲು ಇಂಥದ್ದೇ. ಪಟ್ಟಿಯನ್ನು ಕನ್ನಡದಲ್ಲಿಯೇ ಬರೆಯಿರಿ ಎಂದು ನಾನು ಒತ್ತಾಯಿಸುವುದು ಭಾಷಾಭಿಮಾನಕ್ಕಾಗಿ ಮಾತ್ರವಲ್ಲ. ಇಂಗ್ಲಿಷಿಗೆ ತಿರುಗಿಸಿದಾಗ ಬಟವಾಡೆ ಬರಿಯ ಪೇಮೆಂಟ್ ಆಗುತ್ತದೆ, ಅದರೊಳಗಿದ್ದ ಕಡಿತಗಳೆಲ್ಲ ಅಲ್ಲಿಯೇ ಕಳೆದುಹೋಗುತ್ತವೆ.

ಪ್ರಗತಿಯ ಅಳತೆಯೂ ಇಲ್ಲಿ ಬೇರೆ. ನಮ್ಮ ಕಚೇರಿಗಳ ವಾರದ ಸಭೆಯಲ್ಲಿ "ತೊಂಬತ್ತು ಭಾಗ ಆಗಿದೆ ಸರ್" ಎಂಬ ಮಾತು ಮೂರು ವಾರವಾದರೂ ತೊಂಬತ್ತರಲ್ಲಿಯೇ ನಿಂತಿರುವುದನ್ನು ಎಲ್ಲರೂ ಕಂಡಿದ್ದೇವೆ. ಈ ಪದ್ಧತಿಯಲ್ಲಿ ಒಂದೊಂದು ಫೀಚರಿಗೂ ಆರು ಮೈಲಿಗಲ್ಲುಗಳಿವೆ. ವಿಷಯ ಬಲ್ಲವರೊಡನೆ ಮಾತಾಡಿದ್ದಕ್ಕೆ ನೂರಕ್ಕೆ 1, ವಿನ್ಯಾಸಕ್ಕೆ 40, ವಿನ್ಯಾಸದ ಪರಿಶೀಲನೆಗೆ 3, ಕೋಡಿಗೆ 45, ಕೋಡಿನ ಪರಿಶೀಲನೆಗೆ 10, ಮುಖ್ಯ ಬಿಲ್ಡಿಗೆ, ಅಂದರೆ ಎಲ್ಲರ ಕೋಡೂ ಕೂಡಿದ ಪ್ರೋಗ್ರಾಮಿಗೆ ಸೇರಿಸಿದ್ದಕ್ಕೆ 1. ಪೂರ್ತಿಯಾಗಿ ಮುಗಿಯದ ಮೈಲಿಗಲ್ಲಿಗೆ ಏನೂ ಇಲ್ಲ. ಹಾಗಾಗಿ ಕೋಡ್ ಬರೆಯುತ್ತಿರುವವರ ಲೆಕ್ಕ, ಅವರು ಎಷ್ಟೇ ಬರೆದಿರಲಿ, 44ರಲ್ಲಿಯೇ ನಿಲ್ಲುತ್ತದೆ. ಮೊದಮೊದಲು ನಮ್ಮ ಹುಡುಗರಿಗೆ ಇದು ಬೇಸರ ತಂದಿತು. ಎರಡು ತಿಂಗಳಾದ ಮೇಲೆ ಅವರೇ ಗೋಡೆಯ ಮೇಲಿನ ಪಟ್ಟಿ ನೋಡಿ ದಿನಾಂಕ ಹೇಳುವಂತಾದರು.

ಒಂದು ವಿಷಯದಲ್ಲಿ ಮಾತ್ರ ನಾವು ಮೂಲ ಪದ್ಧತಿಯನ್ನು ಬದಲಿಸಿಕೊಂಡೆವು. ಕೋಡಿನ ಒಂದೊಂದು ಕ್ಲಾಸಿಗೂ, ಅಂದರೆ ಒಂದೊಂದು ಬಿಡಿ ಭಾಗಕ್ಕೂ ಒಬ್ಬರೇ ಒಡೆಯರಿರಬೇಕು ಎಂದು ಅದು ಹೇಳುತ್ತದೆ. 50 ಜನರ ತಂಡಕ್ಕೆ ಅದು ಸರಿ. ಐದು ಜನರಿರುವ ಮೈಸೂರಿನ ಕಚೇರಿಯಲ್ಲಿ ಒಬ್ಬರಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕರೆ, ಅವರೊಂದಿಗೆ ಆ ಭಾಗದ ತಿಳಿವಳಿಕೆಯೂ ಹೊರಟುಹೋಗುತ್ತದೆ. ಆದ್ದರಿಂದ ಒಂದೊಂದಕ್ಕೂ ಇಬ್ಬರನ್ನು ಇರಿಸಿದೆವು, ಕೋಡಿನ ಪರಿಶೀಲನೆಯನ್ನು ಮಾತ್ರ ಎಂಥ ಅವಸರದಲ್ಲೂ ಬಿಡಲಿಲ್ಲ. ಪರಿಶೀಲನೆ ಬಿಟ್ಟು ಉಳಿದದ್ದನ್ನೆಲ್ಲ ಅಳವಡಿಸಿಕೊಂಡ ತಂಡಗಳನ್ನು ನೋಡಿದ್ದೇನೆ; ಅವರ ಕೈಯಲ್ಲಿ ಉಳಿದದ್ದು ಪಟ್ಟಿಯೊಂದೇ.

ಎರಡನೆಯ ಸಲ ನಾವು ಸಂಘಕ್ಕೆ ಹೋದದ್ದು ಬೆಳಗಿನ ಹಾಲು ಅಳೆಯುವ ಹೊತ್ತಿಗೆ. ಕ್ಯಾನುಗಳ ಪಕ್ಕದಲ್ಲಿ ನಿಂತು ನೋಡಿದೆವು, ಆಮೇಲೆ ಕಾರ್ಯದರ್ಶಿಯವರ ಮೇಜಿನ ಸುತ್ತ ಕುಳಿತು ಅವರು ಹೇಳಿದಂತೆ ಮಾದರಿ ಬರೆದೆವು. ಮೂರು ದಿನ ಹಿಡಿಯಿತು. ಪಟ್ಟಿಯ ಮೊದಲ ಸಾಲಿನಲ್ಲಿ ಅವರು ಬರೆಸಿದ್ದು ಫೀಡಿನ ಬಾಕಿಯನ್ನೇ. ಆ ಒಂದು ಫೀಚರು ಒಂಬತ್ತು ದಿನದಲ್ಲಿ ಮುಗಿಯಿತು, ಮುಂದಿನ ಬಟವಾಡೆಯನ್ನು ಅವರು ತಮ್ಮ ಹಳೆಯ ಲೆಡ್ಜರನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಂಡು, ಸಾಲು ಸಾಲಾಗಿ ತಾಳೆ ನೋಡುತ್ತ ಅದರಲ್ಲಿಯೇ ಮಾಡಿದರು.

ನಮಸ್ಕಾರ.