ಪರದೇಶದ ದಾರಿಯಲ್ಲಿ ಕ್ಯಾಂಪರ್ ವ್ಯಾನ್ ಕೆಟ್ಟಾಗ

ಕೇಳುಗರಿಗೆ ನಮಸ್ಕಾರ.

ಯುರೋಪಿನಲ್ಲಿ ನೆಲೆಸಿರುವ, ಇಲ್ಲವೇ ರಜೆಗೆಂದು ಅಲ್ಲಿಗೆ ಹೋಗುವ ಕನ್ನಡಿಗರಲ್ಲಿ ಕ್ಯಾಂಪರ್ ವ್ಯಾನನ್ನು ಬಾಡಿಗೆಗೆ ಹಿಡಿದು, ಅಡುಗೆ ಒಲೆ ಹಾಸಿಗೆಗಳ ಸಮೇತ ಊರೂರು ಸುತ್ತುವವರಿದ್ದಾರೆ. ಅಂಥ ವಾಹನ ಜರ್ಮನಿಯಲ್ಲೋ ಫ್ರಾನ್ಸಿನಲ್ಲೋ ತೊಂದರೆ ಕೊಟ್ಟಾಗ ಮೊದಲು ಗೊತ್ತುಮಾಡಿಕೊಳ್ಳಬೇಕಾದದ್ದು, ಕೆಟ್ಟಿರುವುದು ಗಾಡಿಯೋ ಅದರೊಳಗಿನ ಮನೆಯೋ ಎಂಬುದನ್ನು. ಏಕೆಂದರೆ ಎರಡನ್ನೂ ರಿಪೇರಿ ಮಾಡುವವರು ಸಾಮಾನ್ಯವಾಗಿ ಬೇರೆ ಬೇರೆ. ಎಂಜಿನ್ ಬಲ್ಲ ಮೆಕ್ಯಾನಿಕ್ ಗ್ಯಾಸ್ ಹೀಟರನ್ನು ಮುಟ್ಟುವುದಿಲ್ಲ, ಮುಟ್ಟದಿರುವುದೇ ಸರಿ.

ಗಾಡಿಯ ಮಟ್ಟಿಗೆ ಹೇಳುವುದಾದರೆ ಚಿಂತೆ ಕಡಿಮೆ. ಹೊರಗೆ ಯಾವ ತಯಾರಕರ ಹೆಸರಿದ್ದರೂ ಅಲ್ಲಿನ ಬಹಳಷ್ಟು ಕ್ಯಾಂಪರ್‌ಗಳನ್ನು ಕಟ್ಟಿರುವುದು ಫಿಯೆಟ್ ಡುಕಾಟೊ ಎಂಬ ಸರಕು ವ್ಯಾನಿನ ಮೇಲೆ. 1981ರಿಂದ ತಯಾರಾಗುತ್ತಿರುವ ಈ ವ್ಯಾನು ಯುರೋಪಿನ ಪ್ರತಿಯೊಂದು ಪಟ್ಟಣದಲ್ಲೂ ಸಾಮಾನು ಹೊರುತ್ತಿರುವುದರಿಂದ ಕ್ಲಚ್, ಬ್ರೇಕ್ ಪ್ಯಾಡುಗಳಂಥ ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ. ನೋಂದಣಿ ಪತ್ರದಲ್ಲಿರುವ 17 ಅಕ್ಷರ, ಅಂಕಿಗಳ ಚಾಸಿ ನಂಬರನ್ನು ತೋರಿಸಿದರೆ ಭಾಷೆ ಬಾರದಿದ್ದರೂ ಸರಿಯಾದ ಭಾಗವನ್ನೇ ತರಿಸಬಹುದು. ತೊಡಕಿರುವುದು ಬೇರೆಡೆ. ಮೂರು ಮೀಟರಿನಷ್ಟು ಎತ್ತರ, ಮೂರೂವರೆ ಟನ್ನಿನಷ್ಟು ತೂಕದ ವಾಹನ ಕಾರು ಗ್ಯಾರೇಜಿನ ಬಾಗಿಲೊಳಗೆ ಹಿಡಿಸದಿರಬಹುದು, ಅಲ್ಲಿನ ಲಿಫ್ಟು ಅದನ್ನು ಎತ್ತದಿರಬಹುದು. ಆದ್ದರಿಂದ ಫೋನಿನಲ್ಲೇ ಎತ್ತರ, ತೂಕ ಎರಡನ್ನೂ ತಿಳಿಸಿ, ಸರಕು ವ್ಯಾನುಗಳನ್ನು ನೋಡುವ ವರ್ಕ್‌ಶಾಪಿಗೇ ಹೋಗುವುದು ಲೇಸು. ನಮ್ಮ ಹೆದ್ದಾರಿಗಳ ಬದಿಯಲ್ಲಿರುವಂತೆ ಹೋದ ಕೂಡಲೇ ಕೈಹಚ್ಚುವ ಗ್ಯಾರೇಜು ಅಲ್ಲಿ ಅಪರೂಪ. ಇಟಲಿಯಲ್ಲಂತೂ ಆಗಸ್ಟ್ 15ರ ಹಬ್ಬದ ಆಸುಪಾಸಿನಲ್ಲಿ ಎಷ್ಟೋ ಗ್ಯಾರೇಜುಗಳು ಬಾಗಿಲು ಹಾಕಿರುತ್ತವೆ, ಪ್ರವಾಸಿಗರು ಹೆಚ್ಚಾಗಿ ಬರುವುದೂ ಆ ತಿಂಗಳಲ್ಲೇ!

ಫ್ರಾನ್ಸಿನ ಟೋಲ್ ಹೆದ್ದಾರಿಗಳಲ್ಲಿ ಇನ್ನೊಂದು ನಿಯಮವಿದೆ. ಅಲ್ಲಿ ನಿಮ್ಮ ವಿಮಾ ಕಂಪನಿ ತನಗೆ ಬೇಕಾದ ಟೋಯಿಂಗ್ ಲಾರಿಯನ್ನು ಕಳುಹಿಸುವಂತಿಲ್ಲ. ಮಿನುಗುವ ಜಾಕೆಟ್ ತೊಟ್ಟು, ಎಲ್ಲರೂ ತಡೆಗೋಡೆಯ ಆಚೆಗೆ ಸರಿದು, ಬದಿಯಲ್ಲಿರುವ ಕಿತ್ತಳೆ ಬಣ್ಣದ ತುರ್ತು ಫೋನಿನಿಂದ ಕರೆಮಾಡಬೇಕು. ಆಗ ಪರವಾನಗಿ ಪಡೆದವರು ಸರ್ಕಾರ ಗೊತ್ತುಮಾಡಿದ ದರಕ್ಕೆ ಗಾಡಿಯನ್ನು ಹೆದ್ದಾರಿಯಿಂದಾಚೆ ಒಯ್ಯುತ್ತಾರೆ. ರಸೀದಿಯನ್ನು ಜೋಪಾನ ಮಾಡಿದರೆ ವಿಮೆಯವರಲ್ಲಿ ಹಣ ಕೇಳಬಹುದು.

ಇನ್ನು ಒಳಗಿನ ಮನೆ. ಅನೇಕ ಕ್ಯಾಂಪರ್‌ಗಳ ಫ್ರಿಜ್ಜು ಗ್ಯಾಸ್, 230 ವೋಲ್ಟ್, 12 ವೋಲ್ಟ್ ಹೀಗೆ ಮೂರು ಬಗೆಯಲ್ಲಿ ನಡೆಯುತ್ತದೆ. ಕಂಪ್ರೆಸರ್ ಇಲ್ಲದ ಈ ಬಗೆಯ ಫ್ರಿಜ್ಜಿನಲ್ಲಿ ಅಮೋನಿಯಾ ದ್ರಾವಣ ತನ್ನ ಭಾರದಿಂದಲೇ ಕೆಳಗಿಳಿದು ಹರಿಯಬೇಕಾದ್ದರಿಂದ ಗಾಡಿ ಇಳಿಜಾರಿನಲ್ಲಿ ನಿಂತಿದ್ದರೆ ಸರಿಯಾಗಿ ತಂಪಾಗುವುದಿಲ್ಲ. ರಿಪೇರಿಯವರನ್ನು ಹುಡುಕುವ ಮುನ್ನ ಚಕ್ರದಡಿ ಮಟ್ಟಹಲಗೆ ಇಟ್ಟು ನೋಡಿದರೆ ಎಷ್ಟೋ ಸಲ ಖರ್ಚು ಉಳಿಯುತ್ತದೆ. ಹಾಗೆಯೇ ಒಳಗಿನ ದೀಪಗಳೆಲ್ಲ ಆರಿದ್ದು ಎಂಜಿನ್ ಮಾತ್ರ ಸ್ಟಾರ್ಟ್ ಆಗುತ್ತಿದ್ದರೆ, ಕೈಕೊಟ್ಟಿರುವುದು ಮನೆಯ ಭಾಗದ ಪ್ರತ್ಯೇಕ ಬ್ಯಾಟರಿಯೋ ಅದರ ಫ್ಯೂಸೋ ಇರಬೇಕು. ಆದರೆ ಗ್ಯಾಸಿನ ವಾಸನೆ ಬಂದರೆ ಸ್ವಂತ ಪ್ರಯೋಗ ಬೇಡ. ಸಿಲಿಂಡರ್ ಮುಚ್ಚಿ, ಬಾಗಿಲು ತೆರೆದು, ಅರ್ಹತಾಪತ್ರವಿರುವ ತಜ್ಞರಿಗಾಗಿ ಕಾಯುವುದೇ ದಾರಿ. ಸಿಲಿಂಡರಿನ ಜೋಡಣೆ ಕೂಡ ದೇಶದಿಂದ ದೇಶಕ್ಕೆ ಬೇರೆಯಾಗುವುದರಿಂದ ಜರ್ಮನಿಯ ಸಿಲಿಂಡರ್ ಖಾಲಿಯಾದಾಗ ಸ್ಪೇನಿನಲ್ಲಿ ಬದಲಿ ಸಿಗದೆ ಪರದಾಡುವವರಿದ್ದಾರೆ. ಅಡಾಪ್ಟರ್ ಇದ್ದವರಿಗೆ ಆ ಕಷ್ಟ ಕಡಿಮೆ.

ಬಾಡಿಗೆಯ ವಾಹನವಾದರೆ ಯಾವುದೇ ಕೆಲಸಕ್ಕೆ ಒಪ್ಪುವ ಮೊದಲು ಮಾಲೀಕ ಸಂಸ್ಥೆಗೆ ತಿಳಿಸಬೇಕು. ಒಂದು ಮಿತಿಯೊಳಗಿನ ಸಣ್ಣ ರಿಪೇರಿಯನ್ನು ಒಪ್ಪಿಗೆಗೆ ಕಾಯದೆ ಮಾಡಿಸಲು ಬಹುತೇಕ ಕರಾರುಗಳು ಅವಕಾಶ ಕೊಡುತ್ತವೆ. ಅದನ್ನು ಮೀರಿದರೆ ಗ್ಯಾರೇಜಿನವರ ಲಿಖಿತ ಅಂದಾಜುಪಟ್ಟಿಯನ್ನು ಆ ಸಂಸ್ಥೆಗೆ ಕಳುಹಿಸಿ ಒಪ್ಪಿಗೆ ಪಡೆಯಬೇಕು, ಅದೂ ಫೋನಿನಲ್ಲಲ್ಲ, ಬರಹದಲ್ಲಿ. ಬಿಲ್ಲಿನಲ್ಲಿ ವಾಹನದ ನಂಬರು, ಓಡಿದ ಕಿಲೋಮೀಟರು, ಬದಲಿಸಿದ ಭಾಗಗಳ ಹೆಸರು ಇವೆಯೇ ಎಂದು ನೋಡಿಕೊಂಡು, ತೆಗೆದ ಹಳೆಯ ಭಾಗವನ್ನೂ ಕೇಳಿ ಪಡೆದುಕೊಂಡರೆ, ವ್ಯಾನ್ ಹಿಂತಿರುಗಿಸುವ ದಿನ ಹಣಕ್ಕಾಗಿ ವಾದ ಮಾಡುವ ಪ್ರಸಂಗ ಬಾರದು.

ನಮಸ್ಕಾರ.